ಬೆಳಗಾಗುವಷ್ಟರಲ್ಲಿ ಸಡಿಲವಾಗುತ್ತಿದ್ದ ಕ್ಲಚ್ಚು

ನಾನು ಮೋಟಾರ್ ಸೈಕಲ್ ಕಲಿಸಲು ಸೇರಿಕೊಂಡ ಶಾಲೆಯಲ್ಲಿ ಗೇರ್ ಗಾಡಿ ಇದ್ದದ್ದು ಒಂದೇ. ಬೆಳಿಗ್ಗೆ ಹೆಂಗಸರ ಬ್ಯಾಚು, ಆಗ ಅದು ನನ್ನ ವಶ. ಸಂಜೆ ಹುಡುಗರ ಬ್ಯಾಚು, ಆಗ ಅದು ದಾದಾರ ವಶ. ದಾದಾ, ಅಂದರೆ ಬಂಗಾಳಿಯಲ್ಲಿ ಅಣ್ಣ, ಎಂದು ಎಲ್ಲರೂ ಕರೆಯುತ್ತಿದ್ದದ್ದು ಅಲ್ಲಿನ ಹಿರಿಯ ತರಬೇತುದಾರರನ್ನು. ಐವತ್ತು ದಾಟಿದವರು, ಕಡಿಮೆ ಮಾತಿನವರು. ಆ ಭಾಗದ ಅರ್ಧ ಗಂಡಸರಿಗೆ ಗಾಡಿ ಕಲಿಸಿದವರು ಅವರೇ ಎಂದು ಎಲ್ಲರೂ ಹೇಳುತ್ತಿದ್ದರು. ಶಾಲೆಯ ಕಚೇರಿ ಸದರ್ನ್ ಅವೆನ್ಯೂವಿನಿಂದ ಒಳಕ್ಕೆ ತಿರುಗುವ ಒಂದು ಗಲ್ಲಿಯಲ್ಲಿತ್ತು. ಅಭ್ಯಾಸ ನಡೆಯುತ್ತಿದ್ದದ್ದು ಅದರ ಹಿಂದಿನ ಹಳೆಯ ಗೋದಾಮಿನ ಸಿಮೆಂಟ್ ಅಂಗಳದಲ್ಲಿ. ಗಾಡಿಯನ್ನು ಅಲ್ಲೇ ತಗಡಿನ ಶೆಡ್ಡಿನಲ್ಲಿ ನಿಲ್ಲಿಸಿ ಬೀಗ ಹಾಕುತ್ತಿದ್ದೆವು. ಕೀಲಿ ನನ್ನ ಹತ್ತಿರ ಒಂದು, ದಾದಾರ ಹತ್ತಿರ ಒಂದು, ಮಾಲೀಕರ ಹತ್ತಿರ ಇನ್ನೊಂದು.

ಸೇರಿದ ಮೊದಲ ವಾರವೇ ನಾನು ಕ್ಲಚ್ಚನ್ನು ಸರಿಮಾಡಿಕೊಂಡಿದ್ದೆ. ಲಿವರ್ ಎಳೆದರೆ ಅರ್ಧ ದಾರಿಯವರೆಗೆ ಏನೂ ತಾಗದೆ ಸುಮ್ಮನೆ ಬರುತ್ತಿತ್ತು. ಲಿವರಿನ ತುದಿಯಲ್ಲಿ ಒಂದು ಬೆರಳಿನ ದಪ್ಪದಷ್ಟು ಸಡಿಲ ಇರಬೇಕು. ಅದಕ್ಕಿಂತ ಕಡಿಮೆಯಾದರೆ ಕ್ಲಚ್ ಪೂರ್ತಿ ಕೂರದೆ ಜಾರುತ್ತದೆ, ಎಂಜಿನ್ ಅರಚುತ್ತದೆ, ಗಾಡಿ ಓಡುವುದಿಲ್ಲ. ಹೆಚ್ಚಾದರೆ, ಲಿವರನ್ನು ಹಿಡಿಕೆಗೆ ತಾಗುವಷ್ಟು ಒತ್ತಿದರೂ ಕ್ಲಚ್ ಪೂರ್ತಿ ಬಿಡುವುದಿಲ್ಲ. ಗೇರು ಟಕ್ಕೆಂದು ಬೀಳುತ್ತದೆ, ನಿಂತಲ್ಲಿ ನ್ಯೂಟ್ರಲ್ ಸಿಗುವುದಿಲ್ಲ, ಗಾಡಿ ತಾನಾಗಿ ಮುಂದಕ್ಕೆ ಜಗ್ಗುತ್ತದೆ. ಕಲಿಯುವವರ ಮಟ್ಟಿಗೆ ಎರಡನೆಯದೇ ಹೆಚ್ಚು ಅಪಾಯ. ಕೇಬಲ್ಲಿನ ಮೇಲ್ತುದಿಯಲ್ಲಿ, ಲಿವರಿನ ಬುಡದಲ್ಲಿ, ಕೈಯಿಂದಲೇ ತಿರುಗಿಸಬಹುದಾದ ಒಂದು ಸ್ಕ್ರೂ ಇದೆ. ಅದನ್ನು ಹೊರಕ್ಕೆ ತಿರುಗಿಸಿದರೆ ಬಿಗಿ, ಒಳಕ್ಕೆ ತಿರುಗಿಸಿದರೆ ಸಡಿಲ. ನಾನು ಹೊರಕ್ಕೆ ತಿರುಗಿಸಿ, ಅದು ಕದಲದಂತೆ ಹಿಡಿಯುವ ಚೆಕ್ ನಟ್ಟನ್ನು ಕೈಯಿಂದ ಬಿಗಿದು, ಕೆಲಸ ಮುಗಿಯಿತು ಎಂದುಕೊಂಡೆ.

ಮಾರನೆಯ ಬೆಳಿಗ್ಗೆ ಲಿವರ್ ಮತ್ತೆ ಸಡಿಲವಾಗಿತ್ತು.

ಕೇಬಲ್ ಹಳೆಯದಿರಬೇಕು, ಹಿಗ್ಗಿರಬೇಕು ಎಂದು ಮತ್ತೆ ಹೊಂದಿಸಿದೆ. ಮರುದಿನವೂ ಅದೇ ಕಥೆ. ಗಲ್ಲಿಯ ಮೂಲೆಯಲ್ಲಿ ಗಾಡಿ ರಿಪೇರಿ ಮಾಡುವ ಮಿಸ್ತ್ರಿಯಿಂದ ಹೊಸ ಕೇಬಲ್ ಹಾಕಿಸಿದೆ. ಎರಡು ದಿನ ಸರಿಯಿತ್ತು, ಆಮೇಲೆ ಮೊದಲಿನಂತೆಯೇ. ಹೊಸ ಕೇಬಲ್ ಮೊದಮೊದಲು ಸ್ವಲ್ಪ ಹಿಗ್ಗುವುದುಂಟು. ಆದರೆ ಅದು ಹಿಗ್ಗುವುದು ಓಡಿದಾಗ. ಬೆಳಿಗ್ಗೆಯ ಬ್ಯಾಚಿನಲ್ಲಿ ಓಡಿದಾಗ ಹಿಗ್ಗದ್ದು ಸಂಜೆಯ ಬ್ಯಾಚಿನಲ್ಲಿ ಮಾತ್ರ ಹೇಗೆ ಹಿಗ್ಗುತ್ತದೆ?

ಸಂಶಯ ಹುಟ್ಟಿದ್ದು ಅಲ್ಲಿಂದ. ಅದಕ್ಕೆ ನೀರೆರೆಯಲು ಇನ್ನೊಂದು ಕಾರಣವೂ ಇತ್ತು. ಮಾಲೀಕರು ಒಬ್ಬ ಹೆಂಗಸು. ಎಲ್ಲರೂ ಅವರನ್ನು ಬೌದಿ, ಅಂದರೆ ಅತ್ತಿಗೆ, ಎಂದು ಕರೆಯುತ್ತಿದ್ದರು. ಊರಿನ ಇನ್ನೊಂದು ಭಾಗದಲ್ಲಿ ಎರಡನೆಯ ಮೈದಾನ ತೆರೆಯುವ ಯೋಚನೆ ಅವರಿಗಿತ್ತು. ಗೇರ್ ಗಾಡಿಯ ಕಲಿಕೆಗೆಲ್ಲ ಅಲ್ಲಿ ಒಬ್ಬರನ್ನೇ ಮುಖ್ಯಸ್ಥರನ್ನಾಗಿ ಮಾಡುತ್ತೇನೆ ಎಂದು ಒಮ್ಮೆ ನಮ್ಮಿಬ್ಬರ ಎದುರಿಗೇ ಹೇಳಿದ್ದರು. ಯಾರನ್ನು ಎಂದು ಹೇಳಲಿಲ್ಲ. ದಾದಾ ಆಗ ನನ್ನ ಕಡೆ ನೋಡಿದ್ದರು. ಆ ನೋಟ ನನಗೆ ಹಿಡಿಸಿರಲಿಲ್ಲ.

ನನ್ನ ಬ್ಯಾಚಿನ ಹೆಂಗಸರ ಗಾಡಿ ಮತ್ತೆ ಮತ್ತೆ ಬಂದ್ ಬಿದ್ದರೆ ಯಾರಿಗೆ ಲಾಭ ಎಂದು ಲೆಕ್ಕ ಹಾಕತೊಡಗಿದೆ. ಮನೆಯಲ್ಲಿ ಗಂಡನ ಹತ್ತಿರ ಹೇಳಿದೆ. ಅವರು ಕೇಂದ್ರ ಸರ್ಕಾರದ ಕಚೇರಿಯಲ್ಲಿ ಕೆಲಸ ಮಾಡುವವರು, ವರ್ಗಾವಣೆಯ ಮೇಲೆ ನಾವು ಧಾರವಾಡದಿಂದ ಈ ಬಂಗಾಳಿ ಊರಿಗೆ ಬಂದವರು.

"ಅವ್ರಿಗೆ ಏನ್ ಆಗಬೇಕಾಗೇತಿ ನಿನ್ನ ಕ್ಲಚ್ ಸಡಿಲ್ ಮಾಡಿ? ಸುಮ್ನ ಇಲ್ಲದ್ದೆಲ್ಲ ತಲ್ಯಾಗ ತುಂಬ್ಕೋಬ್ಯಾಡ," ಎಂದರು.

"ಹಂಗಾದ್ರ ನಟ್ಟು ತಾನ ತಿರಗತೈತೇನು?"

"ಹೋಗಿ ಅವ್ರನ್ನ ಕೇಳೇ ಬಿಡು."

ಕೇಳಲಿಲ್ಲ. ಕೇಳಿದರೆ ಇಲ್ಲ ಎನ್ನುತ್ತಾರೆ, ಆಮೇಲೆ ಹುಷಾರಾಗುತ್ತಾರೆ ಎಂದಿತು ನನ್ನ ಮನಸ್ಸು. ಅದರ ಬದಲು ಮರುದಿನ ಬ್ಯಾಚು ಮುಗಿದ ಮೇಲೆ ಚೆಕ್ ನಟ್ಟನ್ನು ಇಕ್ಕಳದಿಂದ ಬಿಗಿದೆ. ಬರಿಗೈಗೆ ಅದು ಇನ್ನು ಕದಲುವಂತಿರಲಿಲ್ಲ. ಮೇಲೆ ಮಗಳ ಕೆಂಪು ನೇಲ್ ಪಾಲಿಶ್ ತೆಗೆದುಕೊಂಡು ನಟ್ಟಿನಿಂದ ಸ್ಕ್ರೂವಿನವರೆಗೆ ಒಂದು ಸಣ್ಣ ಗೆರೆ ಎಳೆದೆ. ಯಾರು ತಿರುಗಿಸಿದರೂ ಗೆರೆ ತುಂಡಾಗಬೇಕು.

ಬೆಳಿಗ್ಗೆ ಬಂದು ಮೊದಲು ನೋಡಿದ್ದು ಗೆರೆಯನ್ನು. ನೆಟ್ಟಗೆ ಹಾಗೆಯೇ ಇತ್ತು. ಲಿವರ್ ಹಿಡಿದೆ. ಮೊದಲಿಗಿಂತಲೂ ಸಡಿಲ.

ಇದು ನನ್ನನ್ನು ಪೂರ್ತಿ ಗಲಿಬಿಲಿ ಮಾಡಿತು. ನಟ್ಟು ತಿರುಗಿಲ್ಲ ಎಂದರೆ ಕೇಬಲ್ಲೇ ಕೆಟ್ಟದ್ದು. ಸಿಟ್ಟಿನಿಂದ ಮಿಸ್ತ್ರಿಯ ಅಂಗಡಿಗೆ ಹೋಗಿ, ಹಳೆಯ ಕೇಬಲ್ಲನ್ನೇ ತೊಳೆದು ಹಾಕಿದ್ದೀಯಾ ಎಂದು ಕೇಳಿದೆ. ಅವನು ಕೈಯಲ್ಲಿದ್ದ ಕೆಲಸ ನಿಲ್ಲಿಸದೆ, "ಬೇರೆ ಅಂಗಡಿ ನೋಡಿಕೊಳ್ಳಿ ದೀದಿ," ಎಂದಷ್ಟೇ ಹೇಳಿದ. ನಾನು ವಾಪಸು ಬಂದೆ. ಅಷ್ಟು ಹೊತ್ತಿಗೆ ವಿದ್ಯಾರ್ಥಿನಿಯರು ಬಂದು ಕಾಯುತ್ತಿದ್ದರು. ಗೆರೆಯನ್ನು ನಾನೇ ಒಡೆದು, ಸ್ಕ್ರೂವನ್ನು ಇನ್ನಷ್ಟು ಹೊರಕ್ಕೆ ತಿರುಗಿಸಿ, ಲಿವರಿನ ತುದಿಯಲ್ಲಿ ಬೇಕಾದಷ್ಟೇ ಸಡಿಲ ಇಟ್ಟು, ನಟ್ಟು ಬಿಗಿದು ತರಗತಿ ಶುರು ಮಾಡಿದೆ. ಸ್ಕ್ರೂ ಹೊರಗೆ ತುಂಬಾ ಉದ್ದಕ್ಕೆ ಬಂದಿದೆ ಅನ್ನಿಸಿತು. ಅವಸರದಲ್ಲಿ ಅದನ್ನು ಅಲ್ಲಿಗೇ ಬಿಟ್ಟೆ.

ಅಂದು ಮೂರನೆಯ ಸರದಿಯಲ್ಲಿ ಗಾಡಿ ಹತ್ತಿದವಳು ಬೆಂಗಳೂರಿನ ಹುಡುಗಿ. ಪಾರ್ಕ್ ಸ್ಟ್ರೀಟಿನ ಹತ್ತಿರ ಒಂದು ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದಳು. ಆಫೀಸು ಬಿಟ್ಟ ಮೇಲೆ ಕ್ಯಾಬಿಗಾಗಿ ಕಾದು ಕಾದು ಸಾಕಾಗಿ ಸೇರಿದವಳು. ಸೈಕಲ್ ಕೂಡ ಸರಿಯಾಗಿ ಬಾರದಿದ್ದರೂ ಹಟ ಬಿಡದೆ, ಕ್ಲಚ್ ಅರ್ಧ ಬಿಟ್ಟು ಗಾಡಿಯನ್ನು ನಿಧಾನ ಓಡಿಸುವ ಹಾಫ್ ಕ್ಲಚ್ಚಿನ ಪಾಠದವರೆಗೆ ಬಂದಿದ್ದಳು. ನನ್ನ ಜೊತೆ ಕನ್ನಡದಲ್ಲಿ ಮಾತಾಡಬಹುದು ಎಂಬ ಸಂತೋಷ ಅವಳಿಗೆ.

ಒಂದನೇ ಗೇರಿನಲ್ಲಿ ಒಂದು ಸುತ್ತು ಚೆನ್ನಾಗಿಯೇ ಹೋದಳು. ಗೋಡೆಯ ಹತ್ತಿರ ಬಂದಾಗ, "ಕ್ಲಚ್ ಹಿಡಿ, ಬ್ರೇಕ್ ಹಾಕು," ಎಂದೆ. ಅವಳು ಕ್ಲಚ್ ಹಿಡಿದಳು. ಗಾಡಿ ನಿಲ್ಲುವ ಬದಲು ಮುಂದಕ್ಕೆ ಜಗ್ಗಿತು. ಹೆದರಿದ ಕೈ ಬ್ರೇಕ್ ಲಿವರಿನ ಜೊತೆಗೆ ಆಕ್ಸಿಲರೇಟರನ್ನೂ ತಿರುವಿತು. ಗೋಡೆಗೆ ಒರಗಿಸಿಟ್ಟ ಹಳೆಯ ಟೈರುಗಳಿಗೆ ಹೋಗಿ ಗುದ್ದಿ, ಗಾಡಿ ಅವಳ ಬಲಗಾಲಿನ ಮೇಲೆ ಮಲಗಿತು.

ಟೈರುಗಳು ಇದ್ದದ್ದರಿಂದ ಕಾಲು ಮುರಿಯಲಿಲ್ಲ. ಕಣಕಾಲು ಊದಿಕೊಂಡಿತು, ಸೈಲೆನ್ಸರ್ ತಾಗಿ ಮೀನಖಂಡದ ಚರ್ಮ ಸುಟ್ಟಿತು. ಬಕೆಟ್ಟಿನ ನೀರು ಸುರಿಯುತ್ತಿದ್ದಾಗ ಅವಳು ಅಳುತ್ತಿರಲಿಲ್ಲ, ನನಗೆ ವಿವರಣೆ ಕೊಡುತ್ತಿದ್ದಳು.

"ಮೇಡಂ, ನಾನು ಕ್ಲಚ್ ಫುಲ್ ಹಿಡ್ಕೊಂಡಿದ್ದೆ. ಪ್ರಾಮಿಸ್. ಆದ್ರೂ ಗಾಡಿ ಹೋಯ್ತು."

"ಗೊತ್ತೈತಿ. ನಿನ್ನ ತಪ್ಪಲ್ಲ."

"ನನಗೆ ಇದು ಆಗಲ್ಲ ಅನ್ಸುತ್ತೆ. ನಾಳೆಯಿಂದ ಬರಲ್ಲ, ಬೇಜಾರು ಮಾಡ್ಕೋಬೇಡಿ."

ಅವಳನ್ನು ಟ್ಯಾಕ್ಸಿಯಲ್ಲಿ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ಕೋಣೆಗೆ ಬಿಟ್ಟು ಬಂದೆ. ಬೌದಿ ಅಂಗಳದಲ್ಲಿ ನಿಂತಿದ್ದರು. "ಬೆಳಿಗ್ಗೆ ಗಾಡಿ ನೋಡಿಯೇ ಶುರು ಮಾಡಿದ್ದಿರಾ?" ಎಂದು ಕೇಳಿದರು. ನೋಡಿದ್ದೆ ಎಂದೆ. ಅವರು ತಲೆ ಆಡಿಸಿದರು. ನಂಬಿದ ತಲೆಯಾಟ ಅದಾಗಿರಲಿಲ್ಲ. "ಸಂಜೆ ಬ್ಯಾಚಿನಲ್ಲಿ ಯಾವತ್ತೂ ಹೀಗಾಗಿಲ್ಲ," ಎಂದು ಹೇಳಿ ಹೋದರು.

ಎಲ್ಲರೂ ಹೋದ ಮೇಲೆ ಗಾಡಿಯನ್ನು ಮೇನ್ ಸ್ಟ್ಯಾಂಡಿಗೆ ಹಾಕಿ ನೆಲದ ಮೇಲೆ ಕೂತೆ. ಬೆಳಿಗ್ಗೆ ನಾನು ತಿರುಗಿಸಿದಾಗ ಮೇಲಿನ ಸ್ಕ್ರೂ ಥ್ರೆಡ್ಡಿನ ಕೊನೆಯ ಒಂದೆರಡು ಎಳೆಗಳಲ್ಲಿ ಮಾತ್ರ ಹಿಡಿದುಕೊಂಡಿತ್ತು. ತರಗತಿ ನಡೆಯುತ್ತಿದ್ದಾಗಲೇ ಆ ಎಳೆಗಳು ಸವೆದು ಸ್ಕ್ರೂ ಒಳಕ್ಕೆ ಜಾರಿತ್ತು. ಅಷ್ಟು ಹೊರಕ್ಕೆ ಯಾಕೆ ತಿರುಗಿಸಬೇಕಾಯಿತು ಎಂದು ಕೇಬಲ್ಲಿನ ಜಾಡು ಹಿಡಿದು ಕೆಳಗೆ ಬಂದೆ. ಎಂಜಿನ್ನಿನ ಹತ್ತಿರ ಕೇಬಲ್ಲಿನ ಇನ್ನೊಂದು ತುದಿಯನ್ನು ಎರಡು ನಟ್ಟುಗಳು ಹಿಡಿದಿರುತ್ತವೆ. ಅಲ್ಲಿಯೂ ಸಡಿಲ, ಬಿಗಿ ಮಾಡಬಹುದು, ಆದರೆ ಸ್ಪ್ಯಾನರ್ ಬೇಕು. ನಟ್ಟುಗಳ ಮೂಲೆಯಲ್ಲಿ ಬಣ್ಣ ಕಿತ್ತು ಲೋಹ ಹೊಳೆಯುತ್ತಿತ್ತು. ಎರಡೂ ಜಾಗ ಬದಲಿಸಿದ್ದವು.

ಅಂದರೆ ನಾನು ಮೇಲೆ ಇಕ್ಕಳದಿಂದ ಬಿಗಿದ ಮೇಲೆ, ಯಾರೋ ಸ್ಪ್ಯಾನರ್ ತಂದು ಕೆಳಗೆ ಸಡಿಲ ಮಾಡಿದ್ದಾರೆ. ಇದು ಅಕಸ್ಮಾತ್ ಆದದ್ದಲ್ಲ. ಕೀಲಿ ಇದ್ದವರು ನಾನು, ಬೌದಿ, ದಾದಾ. ಬೌದಿಗೆ ಸ್ಪ್ಯಾನರ್ ಹಿಡಿಯಲು ಬರುವುದಿಲ್ಲ.

ಫೋನು ತೆಗೆದು ಬೌದಿಯ ನಂಬರಿನ ಮೇಲೆ ಬೆರಳಿಟ್ಟೆ. ಒತ್ತಲಿಲ್ಲ. ಹಾಗೆಂದು ನಾನೇನೂ ದೊಡ್ಡ ಮನಸ್ಸು ಮಾಡಲಿಲ್ಲ. ಬರೀ ಊಹೆಯ ಮೇಲೆ ಹೇಳಿದರೆ, ಅಪಘಾತದ ತಪ್ಪನ್ನು ಹಿರಿಯರ ತಲೆಗೆ ಕಟ್ಟುತ್ತಿದ್ದಾಳೆ ಎನ್ನುತ್ತಾರೆ ಎಂಬ ಭಯ ಇತ್ತು. ಮೊದಲು ಕಣ್ಣಾರೆ ನೋಡಬೇಕು ಎಂದು ತೀರ್ಮಾನಿಸಿದೆ. ಕೆಳಗಿನ ನಟ್ಟುಗಳನ್ನು ಸರಿಯಾದ ಜಾಗಕ್ಕೆ ತಂದು, ಗಾಡಿಯನ್ನು ಬಿಗಿಯಾಗಿಯೇ ಬಿಟ್ಟು ಹೊರಟೆ. ಸಂಜೆ ಬ್ಯಾಚಿಗೆ ಸ್ವಲ್ಪ ಮೊದಲು ಬಂದು, ಗೇಟಿನ ಎದುರಿನ ಚಹಾದ ಅಂಗಡಿಯ ಬೆಂಚಿನ ಮೇಲೆ ಕೂತೆ.

ದಾದಾ ಬಂದರು, ಶೆಡ್ ತೆಗೆದರು, ಗಾಡಿ ಹೊರಗೆ ತಂದರು. ಲಿವರ್ ಹಿಡಿದು ನೋಡಿದರು. ನಾನು ಎಣಿಸಿದ್ದಂತೆಯೇ ಜೇಬಿನಿಂದ ಸ್ಪ್ಯಾನರ್ ತೆಗೆದರು. ಎದ್ದು ಹೋಗಿ ಕೈ ಹಿಡಿಯಬೇಕು ಎನ್ನುವಷ್ಟರಲ್ಲಿ, ಅವರು ಸ್ಪ್ಯಾನರನ್ನು ಸೀಟಿನ ಮೇಲಿಟ್ಟು ಇನ್ನೊಮ್ಮೆ ಲಿವರ್ ಎಳೆದರು. ಎಳೆದ ಕೈ ಬಿಚ್ಚಿಕೊಳ್ಳಲಿಲ್ಲ. ಎಡಗೈಯ ಉಂಗುರದ ಬೆರಳು ಮಡಚಿದಲ್ಲೇ ಸಿಕ್ಕಿಕೊಂಡಿತ್ತು. ಅವರು ಸುತ್ತ ಒಮ್ಮೆ ನೋಡಿ, ಬಲಗೈಯಿಂದ ಆ ಬೆರಳನ್ನು ಹಿಡಿದು ನಿಧಾನವಾಗಿ ನೆಟ್ಟಗೆ ಮಾಡಿದರು. ಮುಖ ಕಿವುಚಿತು. ಆಮೇಲೆ ಸ್ಪ್ಯಾನರ್ ಹಿಡಿದು ಗಾಡಿಯ ಪಕ್ಕದಲ್ಲಿ ಕೂತರು.

ನಾನು ಒಳಗೆ ಹೋದೆ. ನಮ್ಮಿಬ್ಬರ ಮಾತು ಯಾವಾಗಲೂ ಹಿಂದಿಯಲ್ಲಿ. ಅವರು ಎದ್ದು ನಿಲ್ಲಲಿಲ್ಲ.

"ನೋಡೋದಕ್ಕೆ ಬಂದಿರಲ್ಲ ದೀದಿ, ನೋಡಿ," ಎಂದರು.

"ಇವತ್ತು ಬೆಳಿಗ್ಗೆ ಒಂದು ಹುಡುಗಿ ಬಿದ್ದಳು, ಗೊತ್ತಾ?"

"ಗೊತ್ತು. ಬೌದಿ ಹೇಳಿದರು." ಅವರು ನೆಲ ನೋಡುತ್ತಿದ್ದರು. "ನನ್ನ ಹುಡುಗರ ಕೈಯಲ್ಲಿ ಯಾವತ್ತೂ ಜಗ್ಗಿಲ್ಲ."

"ನಿಮ್ಮ ಹುಡುಗರಿಗೆ ಆಗಲೇ ಅಷ್ಟೋ ಇಷ್ಟೋ ಬರುತ್ತೆ. ಅದೂ ಅಲ್ಲದೆ ನೀವು ಮೊದಲು ಎರಡು ಸುತ್ತು ಓಡಿಸಿ ಎಂಜಿನ್ ಬಿಸಿ ಮಾಡ್ತೀರಿ. ಬೆಳಿಗ್ಗೆ ತಣ್ಣಗಿರುವಾಗ ಆಯಿಲ್ ಗಟ್ಟಿ. ಇಷ್ಟು ಸಡಿಲ ಇದ್ದರೆ ಕ್ಲಚ್ ಬಿಡೋದೇ ಇಲ್ಲ. ಅದಕ್ಕೇ ಇವತ್ತು ಮೇಲಿನ ಸ್ಕ್ರೂ ಕೊನೆಯವರೆಗೂ ಹೊರಕ್ಕೆ ತಿರುಗಿಸಿದೆ, ಅದು ಜಾರಿತು."

ಅವರು ಸ್ಪ್ಯಾನರನ್ನು ನೆಲಕ್ಕಿಟ್ಟರು. ಆಮೇಲೆ ಹೇಳಿದ ಮಾತು ನಾನು ನಿರೀಕ್ಷಿಸಿದ್ದಲ್ಲ.

"ನೀವು ಬರೋ ಮುಂಚೆ ಇದು ನನ್ನ ಕೈಗೆ ಸರಿಯಾಗಿತ್ತು. ಬಂದ ವಾರವೇ ಬಿಗಿ ಮಾಡಿದಿರಿ. ನಾನು ಸಡಿಲ ಮಾಡಿದೆ, ಮತ್ತೆ ಬಿಗಿ ಮಾಡಿದಿರಿ. ಆಮೇಲೆ ಇಕ್ಕಳ ತಂದಿರಿ. ನನ್ನ ಬೆರಳು ನಿಮ್ಮ ಕಣ್ಣಿಗೆ ಬಿದ್ದಿದೆ, ಹುಡುಗರ ಮುಂದೆ ಇದು ಸಿಕ್ಕಿಕೊಳ್ಳಲಿ ಅಂತ ಬೇಕಂತಲೇ ಮಾಡ್ತಿದ್ದೀರಿ ಅಂದುಕೊಂಡೆ."

"ನಿಮ್ಮ ಬೆರಳು ನಾನು ನೋಡಿದ್ದು ಈಗ."

"ಈಗ ಹೇಳ್ತಿದ್ದೀರಿ."

ಅವರು ನಂಬಲಿಲ್ಲ. ನಾನೂ ಅವರನ್ನು ಪೂರ್ತಿ ನಂಬಲಿಲ್ಲ. ಬೆರಳು ನಿಜ, ಆದರೆ ಹೊಸ ಮೈದಾನದ ಆಸೆಯೂ ನಿಜ ಇರಬಹುದಲ್ಲ ಎಂದು ಒಳಗೊಳಗೆ ಅನ್ನಿಸುತ್ತಲೇ ಇತ್ತು. ಲಿವರ್ ಹಿಡಿಕೆಗೆ ಹತ್ತಿರ ಬಂದ ಮೇಲೆ ಭಾರ ತಾಗಿದರೆ ನೋವು ಕಡಿಮೆ, ಬೆರಳು ಚಾಚಿರುವಾಗಲೇ ಭಾರ ತಾಗಿದರೆ ಜೀವ ಹೋಗುತ್ತದೆ ಎಂದು ಅವರು ವಿವರಿಸಿದರು. ಡಾಕ್ಟರು ಸಣ್ಣ ಆಪರೇಷನ್ ಮಾಡಿಸಿಕೊಳ್ಳಿ ಎಂದಿದ್ದಾರಂತೆ. ಮಾಡಿಸಿಕೊಂಡರೆ ಕೆಲವು ವಾರ ಕೈ ಆಡಿಸುವಂತಿಲ್ಲ, ಅಷ್ಟರಲ್ಲಿ ಈ ಜಾಗದಲ್ಲಿ ಬೇರೆಯವರು ಕೂತಿರುತ್ತಾರೆ ಎಂಬುದು ಅವರ ಹೆದರಿಕೆ.

"ಬೌದಿಗೆ ಹೇಳಬೇಡಿ," ಎಂದರು.

"ನಾನು ಹೇಳಲ್ಲ. ನೀವು ಹೇಳಬೇಕು. ಈ ಸಡಿಲದಲ್ಲಿ ನಾಳೆ ಯಾರನ್ನೂ ನಾನು ಗಾಡಿ ಹತ್ತಿಸಲ್ಲ."

ಅಂದು ಸಂಜೆಯ ತರಗತಿ ನಡೆಯಲಿಲ್ಲ. ಹುಡುಗರನ್ನು ವಾಪಸು ಕಳಿಸಿ, ಇಬ್ಬರೂ ಗಾಡಿಯ ಎರಡು ಬದಿಗೆ ಕೂತೆವು. ಲಿವರ್ ಕೈಗೆ ಹತ್ತಿರ ಇರಬೇಕು, ಆದರೆ ಕೇಬಲ್ಲಿನಲ್ಲಿ ಸಡಿಲ ಇರಬಾರದು. ಇವೆರಡೂ ಒಟ್ಟಿಗೆ ಆಗಬೇಕಾದರೆ ಕೇಬಲ್ಲನ್ನಲ್ಲ, ಲಿವರನ್ನೇ ಬದಲಿಸಬೇಕು. ಹಿಡಿಕೆಯಿಂದ ಎಷ್ಟು ದೂರ ಬೇಕೋ ಅಷ್ಟಕ್ಕೆ ಗುಂಡಿ ತಿರುಗಿಸಿ ನಿಲ್ಲಿಸಬಹುದಾದ ಲಿವರುಗಳು ಬರುತ್ತವೆ ಎಂದು ನಾನು ಹೇಳಿದೆ. ಅವು ಗಾಡಿಯ ಬಿಡಿಭಾಗ ಮಾರುವ ಮಲ್ಲಿಕ್ ಬಜಾರಿನಲ್ಲಿ ಸಿಗುತ್ತವೆ ಎಂದು ಅವರು ಹೇಳಿದರು.

ಮರುದಿನ ನನ್ನ ಬ್ಯಾಚಿಗೂ ರಜೆ ಕೊಟ್ಟು ಇಬ್ಬರೂ ಅಲ್ಲಿಗೆ ಹೋದೆವು, ಬೇರೆ ಬೇರೆ ಬಸ್ಸಿನಲ್ಲಿ. ಮೊದಲು ತಂದ ಲಿವರ್ ನಮ್ಮ ಗಾಡಿಯ ಹಿಡಿಕೆಗೆ ಕೂರಲಿಲ್ಲ. ಬುಡದ ತೂತು ದೊಡ್ಡದು, ಮೇಲೆ ಕೆಳಗೆ ಅಲ್ಲಾಡುತ್ತಿತ್ತು. ಮತ್ತೆ ಹೋಗಿ ಬದಲಿಸಿಕೊಂಡು ಬಂದೆವು. ಹಳೆಯದನ್ನು ಕಳಚಿದಾಗ ಇನ್ನೊಂದು ವಿಷಯ ಕಂಡಿತು. ಹೊಸ ಕೇಬಲ್ಲು ಹ್ಯಾಂಡಲಿನ ಕೆಳಗೆ ಒಂದು ಪ್ಲಾಸ್ಟಿಕ್ ಪಟ್ಟಿಗೆ ಸಿಕ್ಕಿ ಚೂಪಾಗಿ ಬಾಗಿತ್ತು, ಲಿವರ್ ಗಡುಸಾಗಲು ಅದೂ ಒಂದು ಕಾರಣ. ಪಟ್ಟಿ ಕತ್ತರಿಸಿ, ಕೇಬಲ್ಲನ್ನು ಅಗಲವಾದ ತಿರುವಿನಲ್ಲಿ ಹಾಯಿಸಿ, ಒಳಗೆ ಎಣ್ಣೆ ಇಳಿಸಿದೆವು. ಎಳೆ ಸವೆದ ಮೇಲಿನ ಸ್ಕ್ರೂವನ್ನು, ಅದು ಕೂರುವ ಬುಡದ ಸಮೇತ, ಬದಲಿಸಿದೆವು.

ಹೊಂದಿಸುವಾಗ ಕ್ರಮ ತಪ್ಪಿಸಲಿಲ್ಲ. ಎಂಜಿನ್ ತಣ್ಣಗಿರುವಾಗ ಮೊದಲು ಮೇಲಿನ ಸ್ಕ್ರೂವನ್ನು ಪೂರ್ತಿ ಒಳಕ್ಕೆ ತಿರುಗಿಸಿ, ದೊಡ್ಡ ಸಡಿಲವನ್ನೆಲ್ಲ ಕೆಳಗಿನ ನಟ್ಟುಗಳಲ್ಲಿ ತೆಗೆದು, ಉಳಿದ ಸಣ್ಣ ವ್ಯತ್ಯಾಸವನ್ನು ಮಾತ್ರ ಮೇಲೆ ಸರಿಮಾಡಿದೆವು. ಲಿವರನ್ನು ಹಿಡಿಕೆಗೆ ತೀರಾ ಹತ್ತಿರದ ಗುರುತಿಗೆ ಇಟ್ಟು, ಒಂದನೇ ಗೇರು ಹಾಕಿ, ಕ್ಲಚ್ ಹಿಡಿದು ಹಿಂದಿನ ಚಕ್ರ ತಿರುಗಿಸಿದರೆ ಚಕ್ರ ಬಿಗಿಯಾಗಿಯೇ ಇತ್ತು. ಲಿವರಿಗೆ ಓಡಾಡಲು ಜಾಗ ಸಾಲುತ್ತಿರಲಿಲ್ಲ. ಒಂದು ಗುರುತು ಹೊರಕ್ಕೆ ತಂದಾಗ ಚಕ್ರ ಸಲೀಸಾಗಿ ತಿರುಗಿತು. ದಾದಾ ಹಿಡಿದು ನೋಡಿದರು. ಕಿರುಬೆರಳು, ಉಂಗುರದ ಬೆರಳು ಎರಡನ್ನೂ ಹಿಡಿಕೆಯ ಮೇಲೇ ಬಿಟ್ಟು, ಉಳಿದ ಎರಡರಿಂದ ಎಳೆದರು. ಬಿಟ್ಟರು. ಮತ್ತೆ ಎಳೆದರು.

"ಆಗುತ್ತೆ," ಎಂದರು. ಸ್ವಲ್ಪ ಹೊತ್ತಿನ ಮೇಲೆ, ಸ್ಪ್ಯಾನರ್ ಒರೆಸುತ್ತಾ ಕೇಳಿದರು, "ಮೊನ್ನೆ ಚಹಾದ ಅಂಗಡಿಯಲ್ಲಿ ಕೂತಿದ್ದಿರಲ್ಲ, ನೋಡಿದ್ದನ್ನು ಬೌದಿಗೆ ಹೇಳೋದಕ್ಕೆ ತಾನೇ?"

ಹೌದು ಎಂದೆ.

"ಅವತ್ತು ಮಧ್ಯಾಹ್ನ ನಾನೂ ಅವರ ಮನೆಗೆ ಹೋಗಿದ್ದೆ. ಬೆಳಿಗ್ಗೆಯವರು ಗಾಡಿ ಹಾಳು ಮಾಡ್ತಿದ್ದಾರೆ, ಬೇರೆಯವರನ್ನು ನೋಡಿ ಅಂತ ಹೇಳೋದಕ್ಕೆ. ಬಿದ್ದ ಹುಡುಗಿಯ ವಿಷಯ ಅವರೇ ಮೊದಲು ತೆಗೆದರು. ಆಮೇಲೆ ನನಗೆ ಬಾಯಿ ಬರಲಿಲ್ಲ."

ಆ ವಾರ ನನ್ನ ಕೈ ನನಗೇ ಮೋಸ ಮಾಡಿತು. ವರ್ಷಗಟ್ಟಲೆ ಒಂದು ದೂರಕ್ಕೆ ಒಗ್ಗಿದ ಬೆರಳುಗಳು, ಲಿವರ್ ಇನ್ನೂ ದೂರ ಇದೆ ಎಂದುಕೊಂಡು ಗಾಳಿಯಲ್ಲಿ ಹುಡುಕಿ, ಆಮೇಲೆ ಒಮ್ಮೆಗೇ ಬಿಟ್ಟುಬಿಡುತ್ತಿದ್ದವು. ವಿದ್ಯಾರ್ಥಿನಿಯರ ಎದುರಿಗೆ ಹೀಗೆ ಮಾಡಿ ತೋರಿಸುತ್ತೇನೆ ಎಂದು ಹೊರಟು, ಗಾಡಿ ಬಂದ್ ಬೀಳಿಸಿದೆ. ಅವರು ನಕ್ಕರು. ಅವರಿಗೆ ಮಾತ್ರ ಹೊಸ ಲಿವರ್ ಹಳೆಯದಕ್ಕಿಂತ ಸುಲಭವಾಗಿತ್ತು. ಚಿಕ್ಕ ಕೈಗಳಿಗೆ ಅದು ಮೊದಲೇ ಬೇಕಾಗಿತ್ತು. ನಾನು ದಿನವೂ ತರಗತಿಗೆ ಮೊದಲು ಒಬ್ಬಳೇ ಅಂಗಳದಲ್ಲಿ ಹಾಫ್ ಕ್ಲಚ್ಚಿನಲ್ಲಿ ನಡೆಯುವ ವೇಗಕ್ಕೆ ಗಾಡಿ ಬಿಟ್ಟು, ಹಿಡಿಯುವ ಜಾಗವನ್ನು ಬೆರಳಿಗೆ ಮತ್ತೆ ಪರಿಚಯ ಮಾಡಿಸಿದೆ. ಶೆಡ್ ತೆಗೆದಾಗಲೆಲ್ಲ ಕೆಳಗಿನ ನಟ್ಟುಗಳನ್ನು ಮುಟ್ಟಿ ನೋಡುವ ಚಟವೂ ಹೋಗಲಿಲ್ಲ. ಅವು ಕದಲಿರಲಿಲ್ಲ.

ದಾದಾ ಹೇಳುತ್ತಾರೋ ಇಲ್ಲವೋ ಎಂಬ ಸಂಶಯ ನನಗೆ ಕೊನೆಯವರೆಗೂ ಇತ್ತು. ಅವರು ಹೇಳಿದರು, ನಾನಿಲ್ಲದಾಗ. ಬೌದಿ ನಮ್ಮಿಬ್ಬರನ್ನೂ ಕೂರಿಸಿಕೊಂಡು ಬೈದರು. ಒಂದೇ ಗಾಡಿಯನ್ನು ಇಬ್ಬರು ದೊಡ್ಡವರು ಬಾಯಿ ಬಿಡದೆ ತಿರುಚುತ್ತಾ ಕೂತು ಒಂದು ಹುಡುಗಿಯ ಕಾಲಿಗೆ ತಂದಿಟ್ಟಿರಿ ಎಂದರು. ದಾದಾ ಆಪರೇಷನ್ ಮಾಡಿಸಿಕೊಂಡು ಕೈ ಗುಣವಾಗುವವರೆಗೆ ಅಂಗಳದಲ್ಲಿ ಮಾತ್ರ ಕಲಿಸುವುದು, ಎರಡೂ ಬ್ಯಾಚಿನ ರಸ್ತೆಯ ಪಾಠ ನನ್ನದು ಎಂದಾಯಿತು. ಹೊಸ ಮೈದಾನದ ವಿಷಯ ಅವರು ತೆಗೆಯಲಿಲ್ಲ. ನಾವಿಬ್ಬರೂ ಅದಕ್ಕೇ ಕಾಯುತ್ತಿದ್ದೆವು, ಒಬ್ಬರನ್ನೊಬ್ಬರು ನೋಡದೆ.

ಬೆಂಗಳೂರಿನ ಹುಡುಗಿಗೆ ಎರಡು ಸಲ ಫೋನ್ ಮಾಡಿ, ನಡೆದದ್ದನ್ನೆಲ್ಲ ಹೇಳಿ, ಬಾ ಎಂದೆ. ಎರಡು ಸಲವೂ ನೋಡ್ತೀನಿ ಎಂದಳು. ಆಮೇಲೆ ಒಂದು ಬೆಳಿಗ್ಗೆ ಫೋನ್ ಮಾಡದೆಯೇ ಬಂದು ಗೇಟಿನಲ್ಲಿ ನಿಂತಳು. ಅಂದು ಏನೋ ಕೆಲಸಕ್ಕೆ ಬಂದ ದಾದಾ ಕೂಡ ಅಂಗಳದಲ್ಲಿದ್ದರು. ಅವಳು ಗಾಡಿಯ ಹತ್ತಿರ ಬರಲಿಲ್ಲ.

"ಮೊದ್ಲು ನೀವು ಕ್ಲಚ್ ಹಿಡ್ದು ಗೇರಲ್ಲಿ ನಿಲ್ಸಿ ತೋರ್ಸಿ ಮೇಡಂ. ಆಮೇಲೆ ಆ ಅಂಕಲ್ಲೂ ತೋರಿಸ್ಲಿ."

ಇಬ್ಬರೂ ತೋರಿಸಿದೆವು. ದಾದಾ ಕೈಗೆ ಪಟ್ಟಿ ಕಟ್ಟಿಸಿಕೊಳ್ಳುವ ಮೊದಲಿನ ಕೊನೆಯ ವಾರ ಅದು. ಅಂಗಳದಲ್ಲಿ ಅವಳ ಪಕ್ಕದಲ್ಲಿ ಅವರೇ ನಡೆದರು, ಅವಳು ಕ್ಲಚ್ ಹಿಡಿದಾಗಲೆಲ್ಲ ಗಾಡಿಯ ಮುಂದೆ ಹೋಗಿ ನಿಂತುಕೊಂಡರು. ಹಾಗೆ ಎದುರಿಗೆ ನಿಲ್ಲಿ ಎಂದು ಯಾರೂ ಅವರಿಗೆ ಹೇಳಿರಲಿಲ್ಲ.

ರಸ್ತೆಗೆ ಮೊದಲ ಸಲ ಅವಳನ್ನು ಕರೆದುಕೊಂಡು ಹೋದದ್ದು ಒಂದು ಭಾನುವಾರ. ಹಿಂದಿನ ಸೀಟಿನಲ್ಲಿ ನಾನು. ಸದರ್ನ್ ಅವೆನ್ಯೂವಿನ ಮರಗಳ ಕೆಳಗೆ ಎರಡನೇ ಗೇರಿನಲ್ಲಿ ನಿಧಾನವಾಗಿ ಹೋಗಿ, ಸಿಗ್ನಲ್ಲಿನಲ್ಲಿ ಕೆಂಪು ಬಿದ್ದಾಗ ನಿಲ್ಲಿಸಿದಳು. ನಮ್ಮ ಮುಂದೆ ಒಬ್ಬ ಮುದುಕರು ಮೊಮ್ಮಗಳ ಕೈ ಹಿಡಿದು ರಸ್ತೆ ದಾಟುತ್ತಿದ್ದರು. ಗಾಡಿ ಒಂದನೇ ಗೇರಿನಲ್ಲಿತ್ತು, ಕ್ಲಚ್ ಅವಳ ಮುಷ್ಟಿಯಲ್ಲಿ. ನಾನು ಪಕ್ಕಕ್ಕೆ ಬಗ್ಗಿ ಮುಂದಿನ ಚಕ್ರವನ್ನೇ ನೋಡುತ್ತಿದ್ದೆ. ಮುದುಕರು ನಡುವೆ ನಿಂತು ಮಗುವಿನ ಚಪ್ಪಲಿ ಸರಿಮಾಡಿದರು, ಮತ್ತೆ ಹೊರಟರು. ಚಕ್ರ ಅಲುಗಲಿಲ್ಲ.

"ಮೇಡಂ," ಎಂದಳು ಅವಳು, ತಿರುಗದೆ. "ಗಾಡಿ ನಿಂತಿದೆ. ನನ್ನ ಭುಜ ಬಿಡಿ, ನೋಯ್ತಿದೆ."